ತೂತಿಲ್ಲದ ಕೋವಿ

ಆ ಶನಿವಾರ ನಮ್ಮ ಬಾಲ್ಕನಿಯ ಹಗ್ಗದ ಮೇಲೆ ನನ್ನ ಯೂನಿಫಾರ್ಮು, ಎರಡು ಟವೆಲು ಮತ್ತು ಒಂದು ಕೋವಿಯ ಹಿಂಭಾಗ ಒಣಗುತ್ತಿದ್ದವು. ಹಿಂಭಾಗವೆಂದರೆ ಹೆಗಲಿಗೆ ಆನಿಸಿಕೊಳ್ಳುವ ಮರದ ತುಂಡು. ಅದಕ್ಕೆ ಅಗಸೆ ಎಣ್ಣೆ ಬಳಿದು, ದಾರ ಕಟ್ಟಿ, ನನ್ನ ಕ್ಲಿಪ್ಪುಗಳ ನಡುವೆ ನೇತುಹಾಕಿದ್ದು ನನ್ನ ಗಂಡ ಚಂಗಪ್ಪ. ಅಗಸೆ ಎಣ್ಣೆಯ ವಾಸನೆ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮೀನು ಕರಿದ ಬಾಣಲೆಯನ್ನು ಪೇಂಟಿನ ಡಬ್ಬಿಯಲ್ಲಿ ಅದ್ದಿ ತೊಳೆದರೆ ಎಂತ ವಾಸನೆ ಬಂದೀತೋ ಅದು.

"ಯೂನಿಫಾರ್ಮಿಗೆ ನಾತ ಹಿಡಿಯುತ್ತದೆ ಮಾರಾಯ. ನಾಳೆ ರೋಗಿಗಳು ನನ್ನನ್ನು ನೋಡಿ ಮೂಗು ಮುಚ್ಚಿಕೊಳ್ತಾರೆ."

"ಮುಚ್ಚಿಕೊಳ್ಳಲಿ, ರೋಗಿಗಳಲ್ಲವಾ. ವಾರ್ನಿಶ್ ಹಾಕಿದ್ದರೆ ಬೇಗ ಒಣಗುತ್ತಿತ್ತು. ಆದರೆ ಆಗ ಇದಕ್ಕೆ ವಾರ್ನಿಶ್ ಹಾಕುತ್ತಿರಲಿಲ್ಲ."

"ಆಗ ಅಂದರೆ ಯಾವಾಗ?"

"ಅಪ್ಪನ ಕಾಲದಲ್ಲಿ."

"ನಿಮ್ಮಪ್ಪನ ಕಾಲದಲ್ಲಿ ಹೆಂಡತಿಯ ಯೂನಿಫಾರ್ಮಿನ ಪಕ್ಕ ಒಣಗಿಸುತ್ತಿದ್ದರಾ?"

ಅವನು ನಿಜವಾಗಿಯೂ ಯೋಚಿಸಿದ. "ಅದರ ಬಗ್ಗೆ ಮಾಹಿತಿ ಇಲ್ಲ" ಅಂದ.

ಮಧ್ಯಾಹ್ನ ನೀರ್‌ದೋಸೆ, ಕೋಳಿ ಸಾರು. ಊಟವಾದ ಮೇಲೆ ಅವನು ಗೊರಕೆ ಹೊಡೆದ, ನಾನು ಇಸ್ತ್ರಿ ಹಾಕಿದೆ. ಸಂಜೆ ಕೆಳಗಿನ ಅಂಗಡಿಗೆ ಕೊತ್ತಂಬರಿ ಸೊಪ್ಪಿಗೆ ಕಳಿಸಿದರೆ ಪುದೀನ ತಂದ. ಮರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಕಂಡುಹಿಡಿಯುವ ಕಣ್ಣಿಗೆ ಕೊತ್ತಂಬರಿಗೂ ಪುದೀನಕ್ಕೂ ವ್ಯತ್ಯಾಸ ಕಾಣುವುದಿಲ್ಲ. ವಾಪಸ್ ಕಳಿಸಿದೆ. ಗೊಣಗುತ್ತಾ ಹೋದ, ಗೊಣಗುತ್ತಾ ಬಂದ. ಆಮೇಲೆ ಟಿವಿ, ಊಟ, ನಿದ್ದೆ. ಸಾಧಾರಣ ದಿನಗಳಲ್ಲಿ ಇದೇ ಕೊನೆಯದು ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೆ ಪುದೀನವನ್ನೇ ಹಾಕಿ ಸಾರು ಮಾಡುತ್ತಿದ್ದೆ.

ಮರುದಿನ ಬೆಳಿಗ್ಗೆ ಅವನು ಎಂದಿನಂತೆ ಕಂಪೆನಿ ಬಸ್ಸಿನಲ್ಲಿ, ನಾವಿರುವ ಸೌದಿಯ ದಹ್ರಾನಿನಿಂದ ಅಬ್ಕೈಕಿನ ತೈಲ ಘಟಕಕ್ಕೆ ಹೋದ. ಅಲ್ಲಿ ಅವನು ಇನ್‌ಸ್ಟ್ರುಮೆಂಟ್ ಟೆಕ್ನೀಷಿಯನ್. ಮಧ್ಯಾಹ್ನದ ಊಟ ಮುಗಿಸಿ ವರ್ಕ್‌ಶಾಪಿನ ಬೆಂಚಿನ ಮೇಲೆ ಕೂತವನು ಮತ್ತೆ ಏಳಲಿಲ್ಲ. ಎದೆ. ನಾನು ನರ್ಸು. ಅದರ ಬಗ್ಗೆ ನನಗೆ ಗೊತ್ತಿರುವುದೆಲ್ಲ ನಿಮಗೂ ಗೊತ್ತಿರುವುದೇ, ಇಂಗ್ಲಿಷಿನಲ್ಲಿ ಗೊತ್ತು ಅಷ್ಟೆ.

ಇನ್ನು ಕೋವಿಯ ವಿಷಯ ಹೇಳಿಬಿಡಬೇಕು. ಇಲ್ಲದಿದ್ದರೆ ನೀವು ನಮ್ಮನ್ನು ಯಾರೋ ಏನೋ ಎಂದುಕೊಳ್ಳುತ್ತೀರಿ.

ಚಂಗಪ್ಪ ಕೊಡವ. ಗೋಣಿಕೊಪ್ಪದ ಹತ್ತಿರದವನು. ನಾನು ಕುಂದಾಪುರದ ಕಡೆಯವಳು. ಪಿಯುಸಿ ಮುಗಿಸಿ ನರ್ಸಿಂಗ್ ಡಿಪ್ಲೊಮಾ ಮಾಡಿ ಇಲ್ಲಿಗೆ ಬಂದವಳು. ನಾವು ಭೇಟಿಯಾದದ್ದು ನಮ್ಮ ಕ್ಲಿನಿಕ್ಕಿನಲ್ಲಿ. ಅವನ ಹೆಬ್ಬೆರಳಿಗೆ ಮರದ ಸಿಬಿರು ಹೊಕ್ಕಿತ್ತು. ಚಿಮಟಿಗೆಯಲ್ಲಿ ಎಳೆದು ತೆಗೆದು ಕಸದ ಬುಟ್ಟಿಗೆ ಹಾಕಲು ಹೋದರೆ, "ಸಿಸ್ಟರ್, ಅದನ್ನು ಇಲ್ಲಿ ಕೊಡಿ, ಯಾವ ಮರ ಅಂತ ನೋಡಬೇಕು" ಎಂದ. ಬೆಳಕಿಗೆ ಹಿಡಿದು ನೋಡಿ "ಬೀಚ್" ಎಂದು ತೃಪ್ತಿಯಿಂದ ತಲೆಯಾಡಿಸಿದ. ನಾನು ಅವನು ಸಮುದ್ರತೀರದ ವಿಷಯ ಮಾತಾಡುತ್ತಿದ್ದಾನೆಂದುಕೊಂಡು "ಹಾಂ, ಶುಕ್ರವಾರ ಹೋಗಬಹುದು" ಎಂದೆ. ಬೀಚ್ ಎನ್ನುವ ಮರವೂ ಉಂಟೆಂದು ನನಗೆ ಗೊತ್ತಾದದ್ದು ಮದುವೆಯಾದ ಮೇಲೆ.

ನನ್ನ ಅಮ್ಮ ಫೋನಿನಲ್ಲಿ ಕೇಳಿದ್ದು ಎರಡೇ ಪ್ರಶ್ನೆ. "ಅವರು ಹಂದಿ ತಿಂತಾರಂತಲ್ಲ?" "ಇಲ್ಲಿ ಸಿಕ್ಕುವುದಿಲ್ಲ ಅಮ್ಮ." "ಮನೆಯಲ್ಲಿ ಕೋವಿ ಇಟ್ಟುಕೊಳ್ತಾರಂತಲ್ಲ?" "ಅದೂ ಇಲ್ಲಿ ಸಿಕ್ಕುವುದಿಲ್ಲ." "ಹಾಗಾದರೆ ಅಡ್ಡಿಯಿಲ್ಲ" ಎಂದಳು. ಅಮ್ಮನ ಲೆಕ್ಕದಲ್ಲಿ ಸೌದಿ ಅರೇಬಿಯಾ ಕೊಡವರನ್ನು ತೊಳೆದು ಮಡಿ ಮಾಡಿಕೊಡುವ ದೇಶ.

ಕೋವಿ ಸಿಕ್ಕುವುದಿಲ್ಲ ಎಂದು ಧೈರ್ಯವಾಗಿ ಹೇಳಿದ್ದೆ. ಆದರೆ ವರ್ಷಕ್ಕೊಮ್ಮೆ, ಸೆಪ್ಟೆಂಬರಿನಲ್ಲಿ, ಚಂಗಪ್ಪನ ಮುಖ ಕೈಲ್‌ಪೊಳ್ದಿನ ದಿನ ಸೋರೆಕಾಯಿಯಾಗುತ್ತಿತ್ತು. ಕೈಲ್‌ಪೊಳ್ದು ಅವರಿಗೆ ಆಯುಧಗಳ ಹಬ್ಬ. ಗದ್ದೆ ನಾಟಿ ಮುಗಿದ ಮೇಲೆ ಮನೆಯ ಕೋವಿಗಳನ್ನೆಲ್ಲ ದೇವರ ಕೋಣೆಯಲ್ಲಿ ಸಾಲಾಗಿ ಇಟ್ಟು, ನಳಿಗೆಯ ತುದಿಗೆ ಬೆಂಕಿಯ ಬಣ್ಣದ ತೋಕ್ ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡುತ್ತಾರೆ. ನಮ್ಮ ಕಡೆ ಆಯುಧಪೂಜೆಗೆ ಕತ್ತಿ, ಹಾರೆ, ಅಪ್ಪನ ಸೈಕಲ್ಲು. ಚಂಗಪ್ಪನಿಗೆ ದಹ್ರಾನಿನಲ್ಲಿ ಇದ್ದ ಆಯುಧವೆಂದರೆ ನನ್ನ ತರಕಾರಿ ಚಾಕು ಮತ್ತು ಅವನ ಸ್ಕ್ರೂಡ್ರೈವರಿನ ಸೆಟ್ಟು. ಅವನ್ನು ಇಟ್ಟು, ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಆಮೇಲೆ ಕೋಳಿಗೆ ಊರಿನಿಂದ ಶಾಂಪೂ ಬಾಟಲಿಯಲ್ಲಿ ತಂದ, ಹಂದಿ ಸಾರಿಗೆ ಹಾಕುವ ಕಪ್ಪು ಹುಳಿ ಹಾಕಿ ಬೇಯಿಸುತ್ತಿದ್ದ. ಹಂದಿಯ ವೇಷ ಹಾಕಿದ ಆ ಕೋಳಿಯನ್ನು ನಾವಿಬ್ಬರೂ ಗಂಭೀರವಾಗಿ ತಿನ್ನುತ್ತಿದ್ದೆವು. ಒಂದು ವರ್ಷ ಶಾಂಪೂ ಬಾಟಲಿ ಸರಿಯಾಗಿ ತೊಳೆದಿರಲಿಲ್ಲ. ಆ ವರ್ಷದ ಕೋಳಿಯ ಬಗ್ಗೆ ನಾವು ಮಾತಾಡುವುದಿಲ್ಲ.

"ಚಾಕುವಿಗೆ ಪೂಜೆ ಮಾಡುವುದು ನಾಚಿಕೆ" ಎನ್ನುತ್ತಿದ್ದ.

"ಅದರಲ್ಲಿ ದಿನಾ ಬೆಂಡೆಕಾಯಿ ಹೆಚ್ಚುತ್ತೇನೆ. ನಿಮ್ಮ ಕೋವಿ ವರ್ಷದಲ್ಲಿ ಎಷ್ಟು ಕೆಲಸ ಮಾಡುತ್ತದೆ ಹೇಳು?"

ಅವನು ಅಪ್ಪನ ಫೋಟೋ ನೋಡುತ್ತಿದ್ದ. ನನ್ನ ಮಾವ ಸೈನ್ಯದಲ್ಲಿದ್ದವರು. ದೂರದಿಂದ ಗುರಿಯಿಡುವ ಸ್ನೈಪರ್. ಚಂಗಪ್ಪ ಮಾತು ಕಲಿಯುವ ಮೊದಲೇ ತೀರಿಕೊಂಡರು. ಉಳಿದದ್ದು ಒಂದು ಕಪ್ಪುಬಿಳುಪು ಫೋಟೋ. ಯಾವುದೋ ಬಂಡೆಯ ಪಕ್ಕ ಮಾವ ಹೊಟ್ಟೆ ಅಡಿಯಾಗಿ ಮಲಗಿದ್ದಾರೆ. ಕೈಯಲ್ಲಿ ಎಡಬದಿಗೆ ದುರ್ಬೀನು ಕೂರಿಸಿದ ಹಳೆಯ ತ್ರೀ ನಾಟ್ ತ್ರೀ. ಮುಖದ ಒಂದು ಭಾಗ ಕೋವಿಯ ಹಿಂದೆ ಹೋಗಿದೆ, ಇನ್ನೊಂದು ಭಾಗ ಫೋಟೋ ತೆಗೆಯುವವನನ್ನು ನೋಡಿ ನಗುತ್ತಿದೆ. ಹೀಗಾಗಿ ಅಪ್ಪನ ಮುಖ ಚಂಗಪ್ಪನಿಗೆ ಗೊತ್ತಿದ್ದದ್ದು ಅರ್ಧ. ಕೋವಿ ಪೂರ್ತಿ ಗೊತ್ತಿತ್ತು.

ನನಗೂ ತ್ರೀ ನಾಟ್ ತ್ರೀಯ ಪರಿಚಯ ಇಲ್ಲದೆ ಇರಲಿಲ್ಲ. ಚಿಕ್ಕವಳಿದ್ದಾಗ ಶಾಲೆಗೆ ಹೋಗುವ ದಾರಿಯಲ್ಲಿ ಸರ್ಕಾರಿ ಖಜಾನೆ ಇತ್ತು. ಅದರ ಬಾಗಿಲಲ್ಲಿ ಒಬ್ಬ ಪೊಲೀಸು ಸ್ಟೂಲಿನ ಮೇಲೆ ಕೂತು, ಕೋವಿಯನ್ನು ಎರಡು ಮೊಣಕಾಲುಗಳ ನಡುವೆ ನಿಲ್ಲಿಸಿ, ಅದರ ತುದಿಗೆ ಕೈ, ಕೈ ಮೇಲೆ ಗಲ್ಲ ಇಟ್ಟು ನಿದ್ದೆ ಮಾಡುತ್ತಿದ್ದ. ನಾವು ಮಕ್ಕಳು ಬಿದಿರಿನ ಪೆಟ್ಲಿನಲ್ಲಿ ಹಸಿರು ಕಾಯಿ ತುರುಕಿ ಅವನ ಟೋಪಿಗೆ ಹೊಡೆಯುತ್ತಿದ್ದೆವು. ಟಪ್ ಎಂದರೆ ಎಚ್ಚರಾಗಿ, ಕೋವಿ ಎತ್ತುವ ಬದಲು ಚಪ್ಪಲಿ ಎತ್ತುತ್ತಿದ್ದ. ಆದ್ದರಿಂದ ನನ್ನ ಮನಸ್ಸಿನಲ್ಲಿ ಆ ಕೋವಿ ಎಂದರೆ ನಿದ್ದೆಗೆ ಒರಗುವ ಕೋಲು. ಇದನ್ನು ಚಂಗಪ್ಪನಿಗೆ ಹೇಳಿದ ದಿನ ಅವನು ರಾತ್ರಿ ಊಟದವರೆಗೆ ಮಾತಾಡಲಿಲ್ಲ.

ಶುರುವಾದದ್ದು ಒಂದು ಮಂಚದಿಂದ. ಇಲ್ಲಿನವರು ಮನೆ ಸಾಮಾನು ಬದಲಿಸಿದರೆ ಹಳೆಯದನ್ನು ಬೀದಿಯ ಕಸದ ತೊಟ್ಟಿಯ ಪಕ್ಕ ನಿಲ್ಲಿಸಿಬಿಡುತ್ತಾರೆ. ಒಂದು ಶುಕ್ರವಾರ ನಾವು ನಡೆಯಲು ಹೋದಾಗ ಅಲ್ಲೊಂದು ಮಂಚದ ತಲೆಹಲಗೆ ನಿಂತಿತ್ತು. ದ್ರಾಕ್ಷಿ ಗೊಂಚಲು, ಬಳ್ಳಿ, ಚಿನ್ನದ ಬಣ್ಣ. ಚಂಗಪ್ಪ ಉಗುರಿನಿಂದ ಬಣ್ಣ ಕೆರೆದ. ಮೂಸಿದ. ನಾನು ಸುತ್ತ ಯಾರಾದರೂ ನೋಡುತ್ತಿದ್ದಾರಾ ಎಂದು ನೋಡಿದೆ.

"ವಾಲ್‌ನಟ್" ಎಂದ, ದೇವರನ್ನು ಕಂಡ ಹಾಗೆ.

"ಯಾರೋ ಮಲಗಿದ ಮಂಚ ಮಾರಾಯ."

"ಈ ಮರದಿಂದಲೇ ಅದನ್ನು ಮಾಡುತ್ತಿದ್ದರು."

'ಅದು' ಎಂದರೇನೆಂದು ನನಗೆ ಆಗ ಅರ್ಥವಾಗಲಿಲ್ಲ. ತಲೆಹಲಗೆಯ ಒಂದು ತುದಿ ಅವನು, ಒಂದು ತುದಿ ನಾನು ಹಿಡಿದು ಮನೆಗೆ ತಂದೆವು. ದಾರಿಯಲ್ಲಿ ನಮ್ಮನ್ನು ನೋಡಿದವರು ಹೊಸದಾಗಿ ಮದುವೆಯಾದವರೆಂದು ತಿಳಿದಿರಬೇಕು.

ಆಮೇಲೆ ನಮ್ಮ ಊಟದ ಮೇಜು ಊಟಕ್ಕೆ ಸಿಕ್ಕಿದ್ದು ಕಡಿಮೆ. ಕೋವಿ ಗುಂಡು ಹಾರಿಸುವುದು ಬೇಡ, ಹಾರಿಸಲು ಆಗಲೂ ಬಾರದು, ಆದರೆ ನೋಡಿದರೆ ಅಪ್ಪನ ಕೋವಿಯೇ ಆಗಿರಬೇಕು. ಅದು ಅವನ ಹಠ. ಇಂಟರ್‌ನೆಟ್ಟಿನಲ್ಲಿ ಅಂಥದೇ ಹಠದ ಮುದುಕರು ಬೇಕಾದಷ್ಟಿದ್ದಾರೆ. ಯಾವುದೋ ದೇಶದ ಒಬ್ಬ ಅಜ್ಜ ಇವನಿಗೆ ಬರೆದಿದ್ದನಂತೆ, ಆ ಕಾಲದಲ್ಲಿ ಸ್ಕ್ರೂವಿನ ತಲೆಯಲ್ಲಿ ಒಂದೇ ಗೆರೆ ಇರುತ್ತಿತ್ತು, ನಕ್ಷತ್ರದ ಹಾಗೆ ಅಡ್ಡಗೆರೆ ಇದ್ದರೆ ಅದು ಮೋಸ ಎಂದು. ಒಂದೇ ಗೆರೆಯ ಹಿತ್ತಾಳೆ ಸ್ಕ್ರೂ ಹುಡುಕುತ್ತಾ ನಾವು ದಮ್ಮಾಮಿನ ಗುಜರಿ ಅಂಗಡಿಗಳಲ್ಲಿ ಎಷ್ಟು ಶನಿವಾರ ಕಳೆದೆವೋ. ಬೇರೆ ಹೆಂಗಸರ ಗಂಡಂದಿರು ಅವರನ್ನು ಚಿನ್ನದ ಸೂಕ್ ಎನ್ನುವ ಪೇಟೆಗೆ ಕರೆದುಕೊಂಡು ಹೋಗುತ್ತಿದ್ದರು.

ನಳಿಗೆಗೆ ನಮ್ಮ ಮಲಗುವ ಕೋಣೆಯ ಪರದೆಯ ಸರಳು ಹೋಯಿತು. ಗಟ್ಟಿ ಸರಳು, ಒಳಗೆ ಟೊಳ್ಳಿಲ್ಲ.

"ತೂತಿಲ್ಲದ ಕೋವಿ ಯಾವ ಸೀಮೆಯ ಕೋವಿ?" ಎಂದು ಕೇಳಿದೆ.

"ತೂತಿದ್ದರೆ ಪೊಲೀಸ್ ಕೇಸು. ತೂತಿಲ್ಲದಿದ್ದರೆ ಕೋಲು. ಯಾರಾದರೂ ಬಂದರೆ ಕೋಲು ಅನ್ನು."

ಯಾರಾದರೂ ಬಂದೇ ಬಂದರು. ನಮ್ಮ ಕಟ್ಟಡ ನೋಡಿಕೊಳ್ಳುವ ಹಾರಿಸ್, ಬಂಗಾಳದ ಕಡೆಯವನು, ನಲ್ಲಿ ಸೋರುತ್ತದೆಂದು ನೋಡಲು ಬಂದ. ಮೇಜಿನ ಮೇಲೆ ಕೋವಿ ಉದ್ದಕ್ಕೆ ಮಲಗಿತ್ತು. ನಾನು ಗಾಬರಿಯಲ್ಲಿ ಬೆಡ್‌ಶೀಟ್ ಹೊದಿಸಿದೆ. ಹೊದಿಸಿದ ಮೇಲೆ ಇನ್ನೂ ಕೆಟ್ಟದಾಗಿ ಕಂಡಿತು. ಆಸ್ಪತ್ರೆಯಲ್ಲಿ ಹಾಗೆ ಹೊದಿಸಿದ್ದನ್ನು ನಾನು ಸಾಕಷ್ಟು ನೋಡಿದ್ದೇನೆ.

ಹಾರಿಸ್ ನಿಂತ. ಮೇಜು ನೋಡಿದ. "ಕೌನ್ ಸೋ ರಹಾ ಹೈ?" ಎಂದು ಪಿಸುಗುಟ್ಟಿದ, ಯಾರು ಮಲಗಿರುವುದೆಂದು.

ನಾನು ಬಾಯಿ ತೆರೆಯುವ ಮೊದಲೇ ಚಂಗಪ್ಪ "ಮೇರಾ ಬಾಪ್" ಎಂದ.

ಹಾರಿಸ್ ಸಲಾಂ ಮಾಡಿ ತುದಿಗಾಲಲ್ಲಿ ಅಡುಗೆಮನೆಗೆ ಹೋಗಿ, ಸದ್ದಾಗದ ಹಾಗೆ ನಲ್ಲಿ ರಿಪೇರಿ ಮಾಡಿ, ತುದಿಗಾಲಲ್ಲೇ ಹೊರಗೆ ಹೋದ. ಅವನು ಹೋದ ಮೇಲೆ ನಾನು ನೆಲದ ಮೇಲೆ ಕೂತು ನಕ್ಕೆ. ಚಂಗಪ್ಪ ನಗಲಿಲ್ಲ. ಶೀಟನ್ನು ಮೆತ್ತಗೆ ತೆಗೆದು ಮಡಚಿಟ್ಟ.

ಇಂಥ ಮನುಷ್ಯನನ್ನು ನಾನು ಪೆಟ್ಟಿಗೆಯಲ್ಲಿ ಊರಿಗೆ ಕರೆದುಕೊಂಡು ಹೋದೆ. ಕಾಗದಪತ್ರದ ಓಡಾಟದ ಬಗ್ಗೆ ಬರೆಯುವುದಿಲ್ಲ. ಗಲ್ಫಿನಲ್ಲಿ ಇದ್ದವರಿಗೆ ಅದು ಗೊತ್ತು, ಇಲ್ಲದವರಿಗೆ ಬೇಡ. ಊರಿನಲ್ಲಿ ಪದ್ಧತಿಯ ಹಾಗೆ ಆಕಾಶಕ್ಕೆ ಎರಡು ಗುಂಡು ಹಾರಿಸಬೇಕು. ಹಾರಿಸಿದವರು ಅವನ ಅಣ್ಣ, ನನ್ನ ಬೆಳ್ಯಪ್ಪ ಬಾವ. ಮೊದಲನೆಯದು ಢಮ್ ಎಂದಿತು. ಎರಡನೆಯದು ಟುಸ್ ಎಂದಿತು. ತೋಟಾಕ್ಕೆ ತೇವ ಹಿಡಿದಿತ್ತು. ಊರಿಗೆ ಊರೇ ತಲೆ ತಗ್ಗಿಸಿ ನಿಂತು ಕಾಯುತ್ತಿತ್ತು, ಬಾವ ಜೇಬು ತಡಕುತ್ತಿದ್ದರು. ಒಬ್ಬರು ತೋಟಾ ತರಲು ಮನೆಗೆ ಓಡಿದರು. ನನಗೆ ಚಂಗಪ್ಪನ ಮುಖ ಕಣ್ಣಿಗೆ ಕಟ್ಟಿತು, ತೋಟಾವನ್ನು ಅಕ್ಕಿ ಡಬ್ಬದಲ್ಲಿ ಇಡಬೇಕೆಂದು ಅಣ್ಣನಿಗೆ ಪಾಠ ಹೇಳುವ ಮುಖ. ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡೆ. ಪಕ್ಕದ ಹೆಂಗಸರು ನನ್ನ ಬೆನ್ನು ಸವರಿದರು.

ಅತ್ತೆ ಬೆಳ್ಯಪ್ಪ ಬಾವನ ಮನೆಯಲ್ಲೇ ಇದ್ದಾರೆ, ಅವರ ಮಕ್ಕಳು, ಕೋಳಿಗಳು, ಎರಡು ನಾಯಿಗಳ ಗಲಾಟೆಯ ನಡುವೆ. ನಾನು ಚಂಗಪ್ಪನನ್ನು ಹೆಸರು ಹಿಡಿದು ಏಕವಚನದಲ್ಲಿ ಕರೆಯುವುದು ಅವರಿಗೆ ಮೊದಲು ಸರಿಬೀಳಲಿಲ್ಲ, ಆಮೇಲೆ ಬಿಟ್ಟುಕೊಟ್ಟರು. ನಾನು ವಾಪಸ್ ಹೊರಡುವ ಹಿಂದಿನ ದಿನ ಕರೆದು ಕೂರಿಸಿಕೊಂಡು ಕನ್ನಡದಲ್ಲಿ ಹೇಳಿದರು. ನಾನು ಅವರ ಭಾಷೆ ಕೊಡವ ತಕ್ಕ್ ಆಡಿದರೆ ಅವರಿಗೆ ನಗು ಬರುತ್ತದೆ, ಆ ದಿನ ನಗುವುದು ಬೇಡವಾಗಿತ್ತು.

"ಅವನ ಕೋವಿ ಕಳಿಸು."

"ಅದು ಮರದ್ದು ಅತ್ತೆ. ಬರೀ ಗೊಂಬೆ."

"ವಿಡಿಯೋದಲ್ಲಿ ತೋರಿಸಿದ್ದಾನೆ, ನನಗೆ ಗೊತ್ತಿಲ್ಲವಾ. ಕೈಲ್‌ಪೊಳ್ದಿನ ದಿನ ಪ್ರತಿ ಗಂಡಸಿನ ಕೋವಿಯೂ ಸಾಲಿನಲ್ಲಿ ಇರುತ್ತದೆ. ಅವನು ಆ ದೇಶಕ್ಕೆ ಹೋದಲ್ಲಿಂದ ಒಂದು ಜಾಗ ಖಾಲಿ ಬಿಟ್ಟಿದ್ದೇನೆ. ಇನ್ನು ಖಾಲಿ ಬಿಡುವುದಕ್ಕೆ ನನ್ನಿಂದ ಆಗುವುದಿಲ್ಲ. ಈ ಸಲ ಅದು ಅಲ್ಲಿ ಇರಬೇಕು."

ಹೂಂ ಎಂದೆ. ಹೂಂ ಎನ್ನುವುದು ಸುಲಭ. ದಹ್ರಾನಿಗೆ ಬಂದು ಬಾಗಿಲು ತೆರೆದರೆ ಕೋವಿ ಮೇಜಿನ ಮೇಲೆ, ಹಿಂಭಾಗ ಬಾಲ್ಕನಿಯ ಹಗ್ಗದ ಮೇಲೆ. ಎಣ್ಣೆ ಚೆನ್ನಾಗಿ ಒಣಗಿತ್ತು. ಇದನ್ನು ವಿಮಾನದಲ್ಲಿ ಹೇಗೆ ಕಳಿಸುವುದು? ಕೊರಿಯರಿನವನು ಎಕ್ಸ್‌ರೇ ಹಾಕಿದರೆ ಅದು ಕೋಲು ಎಂದು ಯಾರು ನಂಬುತ್ತಾರೆ? ನಾನೇ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋದರೆ, ವಿಧವೆ ನರ್ಸು, ಸ್ನೈಪರ್ ರೈಫಲಿನೊಂದಿಗೆ.

ಕೆಳಗಿನ ಅಂಗಡಿಯ ಇಲ್ಯಾಸ್ ಸಾಹೇಬರು ದಾರಿ ತೋರಿಸಿದರು. ಭಟ್ಕಳದವರು, ಇಲ್ಲಿ ಅವರ ಅಪ್ಪನ ಕಾಲದಿಂದ ಅಂಗಡಿ. ಪುದೀನ ವಾಪಸ್ ತೆಗೆದುಕೊಂಡ ಮಹಾನುಭಾವರು. ಊರಿಗೆ ಹೋಗುವವರ ಕೈಯಲ್ಲಿ ಸಾಮಾನು ಕಳಿಸುವ ನಮ್ಮ ಗಲ್ಫಿನವರ ಪದ್ಧತಿಗೆ ನಮ್ಮ ಏರಿಯಾದಲ್ಲಿ ಅವರೇ ಪೋಸ್ಟ್‌ಮಾಸ್ಟರು. ಯಾರು ಯಾವಾಗ ರಜೆಗೆ ಹೋಗುತ್ತಾರೆ, ಯಾರ ಪೆಟ್ಟಿಗೆಯಲ್ಲಿ ಎಷ್ಟು ಕಿಲೋ ಜಾಗ ಉಳಿದಿದೆ, ಅವರವರ ಹೆಂಡತಿಯರಿಗಿಂತ ಮೊದಲು ಇವರಿಗೆ ಗೊತ್ತು.

ಎಲ್ಲ ಹೇಳಿದೆ. ಅವರು ಗಡ್ಡ ಸವರಿಕೊಂಡರು. "ಬಿಚ್ಚಿಬಿಡಿ ಸಿಸ್ಟರ್. ಒಂದೊಂದು ತುಂಡು ಒಬ್ಬೊಬ್ಬರ ಕೈಯಲ್ಲಿ. ಹೇಗೂ ಶಾಲೆಗೆ ರಜೆ, ಇಡೀ ದಹ್ರಾನ್ ಊರಿಗೆ ಹೋಗ್ತದೆ. ಬಿಡಿಬಿಡಿಯಾಗಿ ನೋಡಿದರೆ ಅದರಲ್ಲಿ ಎಂತ ಉಂಟು? ಮರ, ಸರಳು, ಬೆಲ್ಟು."

"ತೆಗೆದುಕೊಂಡು ಹೋಗುವವರಿಗೆ ಹೇಳಬೇಕಲ್ಲ ಸಾಹೇಬ್ರೆ."

"ಹೇಳದೆ ಯಾರ ತಲೆ ಮೇಲೂ ಹಾಕುವುದಿಲ್ಲ. ಚಂಗಪ್ಪನದ್ದು ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ಫೋನಿನಲ್ಲಿ ಆ ಶಬ್ದ ಬೇಡ ಅಕ್ಕ. ಬೇರೆ ಏನಾದರೂ ಹೆಸರಿಡಿ." ಸ್ವಲ್ಪ ಯೋಚಿಸಿದರು. "ಮದುಮಗಳು ಅನ್ನಿ. ಮದುಮಗಳ ಸಾಮಾನು ಅಂದರೆ ಯಾರೂ ಕೇಳುವುದಿಲ್ಲ."

ಹೀಗೆ ಮದುಮಗಳು ಕಂತಿನಲ್ಲಿ ಊರಿಗೆ ಹೊರಟಳು. ಹಿಂಭಾಗವನ್ನು ಚಂಗಪ್ಪನ ಜೊತೆ ಕೆಲಸ ಮಾಡುತ್ತಿದ್ದ ಉಡುಪಿಯ ಸುಧಾಕರ ತೆಗೆದುಕೊಂಡು ಹೋದ. ಮುಂದಿನ ಮರ ಒಂದು ಭಟ್ಕಳ ಸಂಸಾರದ ಕಂಬಳಿಯೊಳಗೆ ಸುತ್ತಿಕೊಂಡು ಹೋಯಿತು. ಪರದೆಯ ಸರಳಿಗೆ ನಾನು ಪರದೆಯನ್ನೇ ತೊಡಿಸಿ ಕಳಿಸಿದೆ. ಅದು ತನ್ನ ಹಳೆಯ ಕೆಲಸಕ್ಕೆ ಮರಳಿದ ಹಾಗಿತ್ತು, ನೋಡಿ ಸ್ವಲ್ಪ ಸಂಕಟವಾಯಿತು. ದುರ್ಬೀನು ಒಂದು ಮಗುವಿನ ಆಟಿಕೆಯ ಚೀಲದಲ್ಲಿ ಹೋಯಿತು, ಆ ಮಗು ಅದರಲ್ಲಿ ವಿಮಾನವಿಡೀ ಗಗನಸಖಿಯರನ್ನು ನೋಡಿತಂತೆ. ಮಂಗಳೂರಿನ ಕಸ್ಟಮ್ಸಿನಲ್ಲಿ ಸುಧಾಕರನನ್ನು ನಿಲ್ಲಿಸಿ, ಇದೆಂತದು ಎಂದು ಕೇಳಿದರು. ಅವನು "ಕೆಲಸದ ಮಾದರಿ ಸಾರ್, ಅರ್ಧ ಆಗಿದೆ" ಎಂದನಂತೆ. ಅಧಿಕಾರಿ ತಿರುಗಿಸಿ ನೋಡಿ, "ಪಾಲಿಶ್ ಒಳ್ಳೆಯದು ಬಂದಿದೆ, ಎಂತ ಹಾಕಿದ್ದು?" ಎಂದು ಕೇಳಿ ಬಿಟ್ಟನಂತೆ. ಚಂಗಪ್ಪ ಇದನ್ನು ಕೇಳಿದ್ದರೆ ಮೂರು ತಿಂಗಳು ಅದನ್ನೇ ಹೇಳುತ್ತಿದ್ದ.

ಮಂಗಳೂರಿನಿಂದ ಗೋಣಿಕೊಪ್ಪಕ್ಕೆ ಬಸ್ಸಿನ ಪಾರ್ಸೆಲ್ಲು. ತಲುಪಿದಾಗಲೆಲ್ಲ ಬೆಳ್ಯಪ್ಪ ಬಾವ ಫೋನ್ ಮಾಡುತ್ತಿದ್ದರು. ಬಾವನದು ಎದುರು ಗುಡ್ಡಕ್ಕೆ ಕೇಳುವ ಸ್ವರ, ಫೋನು ಕೈಯಲ್ಲಿರುವುದು ನೆಪಕ್ಕೆ.

"ಮದುಮಗಳ ಸೊಂಟ ಬಂತು. ಕಾಲು ಯಾವಾಗ ಬರುತ್ತದೆ?"

ಇದನ್ನು ಅವರು ಪೇಟೆಯ ನಡುವೆ, ಗೊಬ್ಬರದ ಅಂಗಡಿಯ ಮುಂದೆ ನಿಂತು ಹೇಳಿದ್ದು. ನಾನಿಲ್ಲಿ ಇಂಜೆಕ್ಷನ್ ಹಿಡಿದು ನಿಂತಿದ್ದೆ. ಆದರೆ ಆ ಊರಿನಲ್ಲಿ ಸೊಂಟ, ಕಾಲು ಯಾರೂ ಕೇಳಿಸಿಕೊಳ್ಳಲಿಲ್ಲ, ಮದುಮಗಳು ಮಾತ್ರ ಕೇಳಿಸಿಕೊಂಡರು. ವಾರ ಕಳೆಯುವುದರೊಳಗೆ ಬಾವನ ಮಗನಿಗೆ ಸೌದಿಯಿಂದ ಹುಡುಗಿ ಗೊತ್ತಾಗಿದೆಯೆಂದು ಸುದ್ದಿಯಾಯಿತು. ದೂರದ ನೆಂಟರೊಬ್ಬರು ಅತ್ತೆಯನ್ನು ನೋಡಲು ಬಂದು, ಕಾಫಿ ಕುಡಿದು, "ಯಾವ ಒಕ್ಕದ ಹುಡುಗಿ?" ಎಂದು ಕೇಳಿದರು. ಮನೆತನ ಯಾವುದೆಂದು.

ಅತ್ತೆ ಸ್ವಲ್ಪವೂ ಅಲುಗದೆ "ನಮ್ಮದೇ" ಎಂದರಂತೆ.

ಒಂದೇ ಒಕ್ಕದಲ್ಲಿ ಕೊಡವರು ಮದುವೆಯಾಗುವುದಿಲ್ಲ. ಬಂದವರು ಕಾಫಿ ಲೋಟ ಕೆಳಗಿಟ್ಟು ಎದ್ದು ಹೋದರು. ಬಾವನ ಮಗ ಕಾಲೇಜಿಗೆ ಹೋಗಲಾರೆ ಎಂದು ಕೂತ. ಕೊನೆಗೆ ಬಾವನೇ ಆ ನೆಂಟರ ಮನೆಗೆ ಹೋಗಿ, ಪರದೆಯ ಸರಳು ತೋರಿಸಿ, ಇದೇ ಮದುಮಗಳು ಎಂದು ವಿವರಿಸಬೇಕಾಯಿತು. ಅವರು ನಂಬಿದರೋ ಇಲ್ಲವೋ, ಆಮೇಲೆ ಬಾವನನ್ನು ಕಂಡರೆ ಅನುಕಂಪದಿಂದ ಮಾತಾಡಿಸುತ್ತಾರೆ.

ಹಬ್ಬಕ್ಕೆ ಕೆಲವೇ ದಿನವಿದ್ದಾಗ ತುಂಡುಗಳೆಲ್ಲ ಅಲ್ಲಿ ಸೇರಿದವು. ಬಾವ ಜಗುಲಿಯಲ್ಲಿ ಚಾಪೆ ಹಾಸಿ, ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ವಿಡಿಯೋದಲ್ಲಿ ಜೋಡಿಸಲು ಕೂತರು. ನಾನು ಇಲ್ಲಿಂದ ಹೇಳುವುದು, ಅವರು ಅಲ್ಲಿ ಮಾಡುವುದು. ಬಾವನಿಗೆ ಅಸಲಿ ಕೋವಿ ಕಣ್ಣು ಮುಚ್ಚಿ ಜೋಡಿಸಲು ಬರುತ್ತದೆ. ಅದೇ ತೊಂದರೆಯಾಯಿತು. ಪ್ರತಿಯೊಂದಕ್ಕೂ "ಹೀಗಲ್ಲ ಇರುವುದು" ಎನ್ನುತ್ತಿದ್ದರು. ಒಂದು ಸ್ಕ್ರೂ ಸಿಕ್ಕಲಿಲ್ಲವೆಂದು ಮನೆಯಲ್ಲಿದ್ದ ಬೇರೆ ಸ್ಕ್ರೂ ಎತ್ತಿಕೊಂಡರು. ಫೋನಿನಲ್ಲೇ ನನಗೆ ಅದರ ತಲೆಯ ನಕ್ಷತ್ರ ಕಂಡಿತು.

"ಅದು ಬೇಡ ಬಾವ. ತೆಗೆಯಿರಿ."

"ಯಾರಿಗೆ ಕಾಣುತ್ತದೆ?"

"ಆಗ ಅಂಥದು ಇರಲಿಲ್ಲ."

"ಆಗ ಅಂದರೆ ಯಾವಾಗ?"

"ಮಾವನ ಕಾಲದಲ್ಲಿ" ಎಂದೆ. ಬಾವ ನಕ್ಷತ್ರದ ಸ್ಕ್ರೂ ಪಕ್ಕಕ್ಕಿಟ್ಟು, ಚಾಪೆ ಎತ್ತಿ ಕೊಡವಿ, ಬಿದ್ದದ್ದನ್ನು ಹುಡುಕಿದರು. ಸಿಕ್ಕಿತು.

ಎಲ್ಲ ಕೂಡಿಸಿದ ಮೇಲೆ ಬಾವ ಅದನ್ನು ಹೆಗಲಿಗೆ ಏರಿಸಿ ದುರ್ಬೀನಿಗೆ ಕಣ್ಣಿಡಲು ನೋಡಿದರು. ಕಣ್ಣು ಸಿಕ್ಕಲಿಲ್ಲ. ಕತ್ತು ಉದ್ದ ಮಾಡಿದರೂ, ಗಿಡ್ಡ ಮಾಡಿದರೂ ಇಲ್ಲ. "ಇಲ್ಲೇನೋ ಇರಬೇಕಿತ್ತು" ಎಂದು ಹಿಂಭಾಗದ ಮೇಲೆ ಬೆರಳಾಡಿಸಿದರು. ಅಲ್ಲಿ ಎರಡು ಸಣ್ಣ ತೂತುಗಳಿದ್ದವು. ಇಡೀ ಕೋವಿಯಲ್ಲಿ ಖಾಲಿ ಇದ್ದ ತೂತುಗಳೆಂದರೆ ಅವೇ.

ಊರಿನ ಮನೆಯಲ್ಲಿದ್ದ ಮಾವನ ಅದೇ ಫೋಟೋದ ಪ್ರತಿ ತಂದು ನೋಡಿದರು. ದುರ್ಬೀನು ನಳಿಗೆಗಿಂತ ಎತ್ತರದಲ್ಲಿ ಕೂರುವುದರಿಂದ ಮುಖವನ್ನೂ ಅಷ್ಟೇ ಎತ್ತರಕ್ಕೆ ಏರಿಸಬೇಕು. ಅದಕ್ಕೆ ಸ್ನೈಪರನ ಕೋವಿಯ ಹಿಂಭಾಗದ ಮೇಲೆ ಒಂದು ಸಣ್ಣ ಮರದ ದಿಂಬು ಕೂರಿಸುತ್ತಾರೆ, ಕೆನ್ನೆ ಒರಗಿಸಲು. ಮಾವನ ಅರ್ಧ ಮುಖ ಫೋಟೋದಲ್ಲಿ ಒತ್ತಿಕೊಂಡಿರುವುದು ಅದರ ಮೇಲೇ. ಚಂಗಪ್ಪ ಅದನ್ನು ಕೊನೆಗೆ ಇಟ್ಟುಕೊಂಡಿದ್ದ. ಮಾಡಿದ, ಸರಿಯಾಗಲಿಲ್ಲವೆಂದು ಒಡೆದ, ಮತ್ತೆ ಮಾಡಿದ. ಸರಿಯಾಗಿದೆಯೋ ಇಲ್ಲವೋ ಎಂದು ಅಳೆಯಲು ಪಟ್ಟಿ ಇರಲಿಲ್ಲ, ಅವನ ಕೆನ್ನೆಯೇ ಇತ್ತು. ಮೇಜಿನ ಮೇಲೆ ಅದಕ್ಕೆ ಕೆನ್ನೆಯಿಟ್ಟು ಕಣ್ಣು ಮುಚ್ಚಿ ಕೂತಿರುತ್ತಿದ್ದ. ನಿದ್ದೆ ಹೋಗಿದ್ದಾನೆಂದು ನಾನು ಪಾತ್ರೆ ಸದ್ದು ಮಾಡುತ್ತಿದ್ದೆ. ಕೊನೆಗೊಂದು ಒಪ್ಪಿಗೆಯಾಗಿ, ಅದರ ತೂತು ಕೊರೆಯಲು ಅಬ್ಕೈಕಿನ ವರ್ಕ್‌ಶಾಪೇ ಸರಿ ಎಂದು ಆ ಭಾನುವಾರ ಊಟದ ಚೀಲದಲ್ಲಿ ಹಾಕಿಕೊಂಡು ಹೋಗಿದ್ದ.

ಚೀಲ ವಾಪಸ್ ಬಂದಿತ್ತು. ಟಿಫಿನ್ ಡಬ್ಬಿಯನ್ನು ಯಾರೋ ತೊಳೆದು, ಒರೆಸಿ, ಮುಚ್ಚಳ ಹಾಕಿ ಕೊಟ್ಟಿದ್ದರು. ಅಷ್ಟೇ ಇತ್ತು. ಸುಧಾಕರನಿಗೆ ಫೋನ್ ಮಾಡಿದೆ.

"ಹುಡುಕುತ್ತೇನೆ ಅಕ್ಕ. ಆದರೆ ಅಲ್ಲಿ ಮರದ ತುಂಡು ಕಂಡರೆ ಬಾಗಿಲಿಗೆ ಅಡ್ಡ ಇಡ್ತಾರೆ, ಇಲ್ಲ ಗುಜರಿಗೆ ಹಾಕ್ತಾರೆ. ಹೇಗಿತ್ತು ಅದು?"

ಹೇಗಿತ್ತು ಎಂದು ಹೇಳುವುದು? ಅಂಗೈಯಷ್ಟು ಉದ್ದ, ಮೇಲೆ ಸ್ವಲ್ಪ ಉಬ್ಬು, ಒಂದು ಕಡೆ ಸ್ವಲ್ಪ ತಗ್ಗು. "ಒಬ್ಬ ಮನುಷ್ಯನ ಕೆನ್ನೆಯ ಅಚ್ಚಿನ ಹಾಗೆ ಇತ್ತು" ಎಂದೆ. ಅವನು ಆಯಿತು ಎಂದ.

ಬೆಳ್ಯಪ್ಪ ಬಾವ ಬೀಟೆ ಮರದಲ್ಲಿ ಒಂದು ಮಾಡಿ ಕೂರಿಸುತ್ತೇನೆ ಎಂದರು. "ಅದಿಲ್ಲದಿದ್ದರೆ ಗುಂಡು ಹಾರುವುದಿಲ್ಲವಾ?" ಎಂದೂ ಕೇಳಿದರು.

"ಇದ್ದರೂ ಹಾರುವುದಿಲ್ಲ ಬಾವ."

"ಮತ್ತೆ?"

ಬಾವನ ಹಿಂದಿನಿಂದ ಅತ್ತೆಯ ಸ್ವರ ಬಂತು. "ನಿನ್ನ ಕೆನ್ನೆಯ ಅಳತೆಗೆ ಮಾಡುತ್ತೀಯಾ ಅದನ್ನು? ಹಾಗೇ ಇರಲಿ ಬಿಡು."

ಕೈಲ್‌ಪೊಳ್ದಿನ ದಿನ ನನಗೆ ಡ್ಯೂಟಿ ಇತ್ತು. ಡ್ರೆಸ್ಸಿಂಗ್ ಕೋಣೆಯ ಪರದೆ ಎಳೆದುಕೊಂಡು ಫೋನಿನಲ್ಲಿ ನೋಡಿದೆ. ದೇವರ ಕೋಣೆಯಲ್ಲಿ ದೀಪ, ಸಾಲಾಗಿ ಕೋವಿಗಳು, ಬಾವನದು, ಅವರ ಚಿಕ್ಕಪ್ಪನವರದು, ಅಜ್ಜನದು. ಖಾಲಿ ಬಿಡುತ್ತಿದ್ದ ಜಾಗದಲ್ಲಿ ಮಂಚದ ತಲೆಹಲಗೆ ಮತ್ತು ಪರದೆಯ ಸರಳಿನಿಂದ ಮಾಡಿದ ತ್ರೀ ನಾಟ್ ತ್ರೀ. ಅತ್ತೆ ಒಂದೊಂದು ನಳಿಗೆಗೂ ತೋಕ್ ಪೂ ಸಿಕ್ಕಿಸುತ್ತಾ ಬಂದರು. ಇದಕ್ಕೆ ಬಂದಾಗ ಹೂವು ನಿಲ್ಲಲಿಲ್ಲ, ಸಿಕ್ಕಿಸಲು ತೂತಿಲ್ಲವಲ್ಲ. ಒಂದು ಕ್ಷಣ ಹೂವು ಹಿಡಿದು ನಿಂತರು. ಆಮೇಲೆ ಬಗ್ಗಿ ಹಿಂಭಾಗದ ಆ ಸ್ಕ್ರೂ ತೂತಿನಲ್ಲಿ ತೊಟ್ಟು ಇಳಿಸಿದರು. ಅಲ್ಲಿ ನಿಂತಿತು.

ಹೊರಗಿನಿಂದ ಯಾರೋ ಸಿಸ್ಟರ್ ಎಂದು ಕರೆದರು. ಹೋದೆ. ಒಬ್ಬ ಪೇಂಟರನ ಕೈಗೆ ಗಾಜು ಹೊಕ್ಕಿತ್ತು.

ಸುಧಾಕರ ಮೊನ್ನೆ ಶುಕ್ರವಾರ ಮನೆಗೆ ಬಂದಿದ್ದ. ವರ್ಕ್‌ಶಾಪಿನ ಬೆಂಚುಗಳ ಅಡಿ, ಲಾಕರಿನ ಹಿಂದೆ, ಬಸ್ಸಿನ ಸೀಟಿನ ಕೆಳಗೆ, ಎಲ್ಲ ನೋಡಿದೆ ಎಂದ. ಚಹಾ ಕುಡಿದ. ಮೇಜು ಖಾಲಿ ಇದೆಯಲ್ಲ ಅಕ್ಕ ಎಂದ. ಹೌದು, ಈಗ ಅದರ ಮೇಲೆ ಊಟ ಮಾಡಬಹುದು ಎಂದೆ.

ಕೆನ್ನೆಯ ದಿಂಬು ಇನ್ನೂ ಸಿಕ್ಕಿಲ್ಲ.